ಥೈರಾಯ್ಡ್ ಗಂಟು: ಒಬ್ಬ ಡಾಕ್ಟರು ಸೂಜಿ ಅಂದರು, ಇನ್ನೊಬ್ಬರು ವರ್ಷ ಬಿಟ್ಟು ಬರ್ರಿ ಅಂದರು

ಪ್ರಶ್ನೆ: ನಮ್ಮ ಅವ್ವಗ 52 ವರ್ಷ. ನಮ್ಮೂರು ಶಿಗ್ಗಾವಿ. ಶ್ರಾವಣದಾಗ ತಲಿ ತಿರುಗತೈತಿ ಅಂತ ಹುಬ್ಬಳ್ಳಿಗೆ ಕರಕೊಂಡು ಹೋದಾಗ ಕುತ್ತಿಗಿ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿದ್ರು. ಅದರಾಗ ಥೈರಾಯ್ಡ್ ಗಂಟು ಕಂಡೈತಿ. ರಿಪೋರ್ಟಿನ್ಯಾಗ ಹಿಂಗ ಬರದಾರ: ಬಲಗಡೆ 14 × 11 × 9 ಮಿ.ಮೀ., ಸಾಲಿಡ್, ಹೈಪೋಎಕೋಯಿಕ್, ಅಂಚು ಸ್ಮೂತ್, ಕ್ಯಾಲ್ಸಿಫಿಕೇಶನ್ ಇಲ್ಲ, ಎಸಿಆರ್ ಟೈರ್ಯಾಡ್ಸ್ 4. ಎಡಗಡೆ 8 ಮಿ.ಮೀ., ಸ್ಪಾಂಜಿಫಾರ್ಮ್, ಟೈರ್ಯಾಡ್ಸ್ 1. ಟಿಎಸ್‌ಎಚ್ 3.1 ಐತಿ. ಒಬ್ಬ ಡಾಕ್ಟರು ಈಗಲೇ ಸೂಜಿ ಪರೀಕ್ಷೆ ಮಾಡಿಸ್ರಿ ಅಂದ್ರು, ಇನ್ನೊಬ್ಬರು ವರ್ಷ ಬಿಟ್ಟು ಸ್ಕ್ಯಾನ್ ಮಾಡಿಸಿದ್ರ ಸಾಕು ಅಂದ್ರು. ಸೂಜಿ ಚುಚ್ಚಿದ್ರ ಕ್ಯಾನ್ಸರ್ ಹಬ್ಬತೈತಿ ಅಂತ ನಮ್ಮ ಸೋದರಮಾವ ಬ್ಯಾಡ ಅಂತಾರ. ಗಂಟು ಕರಗಸೂ ಗುಳಿಗಿ ಏನರ ಐತೇನು? ನಾನೂ ನನ್ನ ತಂಗಿನೂ ಸ್ಕ್ಯಾನ್ ಮಾಡಿಸಬೇಕೇನು?

ಉತ್ತರ: ಮೊದಲು ಆ 4ರ ವಿಚಾರ ಮುಗಿಸೋಣ. ರಿಪೋರ್ಟಿನಲ್ಲಿ 4 ಎಂದು ಕಂಡ ಕೂಡಲೇ ಅನೇಕ ಮನೆಗಳಲ್ಲಿ ‘ನಾಲ್ಕನೇ ಸ್ಟೇಜ್’ ಎಂದುಕೊಂಡು ಅಳು ಶುರುವಾಗುತ್ತದೆ. ಟೈರ್ಯಾಡ್ಸ್ ಎಂಬುದು ಕ್ಯಾನ್ಸರಿನ ಹಂತವಲ್ಲ. ಗಂಟು ಸ್ಕ್ಯಾನಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಅಂಕ ಕೊಟ್ಟು, ಎಷ್ಟು ಅನುಮಾನ ಪಡಬೇಕು ಎಂದು 1ರಿಂದ 5ರವರೆಗೆ ಗುರುತಿಸುವ ಅಳತೆಗೋಲು ಅದು. ಅಮೆರಿಕದ ರೇಡಿಯಾಲಜಿ ಕಾಲೇಜು ಅದನ್ನು ಈ ರೂಪದಲ್ಲಿ ಹೊರತಂದದ್ದು 2017ರಲ್ಲಿ. ಎಸಿಆರ್ ಅಂದರೆ ಆ ಸಂಸ್ಥೆಯೇ. ಅದರ ಲೆಕ್ಕದಲ್ಲಿ 4ನೇ ಗುಂಪಿನ ನೂರು ಗಂಟುಗಳಲ್ಲಿ ಸುಮಾರು 9 ಕ್ಯಾನ್ಸರ್ ಆಗಿರುತ್ತವೆ, 91 ಆಗಿರುವುದಿಲ್ಲ. 5ನೇ ಗುಂಪಿನಲ್ಲಿ ಈ ಸಂಖ್ಯೆ ಸುಮಾರು 35ಕ್ಕೆ ಏರುತ್ತದೆ, 3ನೇ ಗುಂಪಿನಲ್ಲಿ 5ರ ಹತ್ತಿರ ಇರುತ್ತದೆ.

ಇನ್ನು ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದು. ಒಬ್ಬರಿಗೆ ತಿಳಿಯುತ್ತದೆ, ಇನ್ನೊಬ್ಬರಿಗೆ ತಿಳಿಯುವುದಿಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ. ನಿಮ್ಮ ತಾಯಿಯವರ ಗಂಟು ಎರಡು ಮಾರ್ಗಸೂಚಿಗಳ ಗಡಿಯ ನಡುವೆ ಬಂದು ನಿಂತಿದೆ. ಎಸಿಆರ್ ಪ್ರಕಾರ 4ನೇ ಗುಂಪಿನ ಗಂಟಿಗೆ ಸೂಜಿ ಹಾಕುವುದು 15 ಮಿ.ಮೀ. ಮುಟ್ಟಿದ ಮೇಲೆ. 10 ಮಿ.ಮೀ. ದಾಟಿದ್ದರೆ ಸ್ಕ್ಯಾನ್ ಮಾಡುತ್ತ ಕಾಯಬೇಕು. ಅಮೆರಿಕದ್ದೇ ಥೈರಾಯ್ಡ್ ಸಂಘ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಸಾಲಿಡ್, ಹೈಪೋಎಕೋಯಿಕ್, ನಯವಾದ ಅಂಚಿನ ಗಂಟು ‘ಮಧ್ಯಮ ಅನುಮಾನ’ದ್ದು. ಅದಕ್ಕೆ 10 ಮಿ.ಮೀ.ಗೇ ಸೂಜಿ ಹಾಕಬಹುದು. ನಿಮ್ಮದು 14. ಮೊದಲಿನವರು ಒಂದು ಮಾರ್ಗಸೂಚಿ ಹಿಡಿದರು, ಎರಡನೆಯವರು ಇನ್ನೊಂದು. ಇಬ್ಬರೂ ತಪ್ಪು ಹೇಳಿಲ್ಲ. ಹಾಗಾದರೆ ಆಯ್ಕೆ ಮಾಡುವುದು ಹೇಗೆ? ಅದಕ್ಕೆ ರಿಪೋರ್ಟಿನ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಗಂಟಿನ ಗಾತ್ರಕ್ಕಿಂತ ಗಂಟಿನ ಲಕ್ಷಣ ಹೆಚ್ಚು ಹೇಳುತ್ತದೆ. 30 ಮಿ.ಮೀ.ನ ನೀರಗಂಟಿಗಿಂತ 11 ಮಿ.ಮೀ.ನ ಒರಟು ಅಂಚಿನ ಕಪ್ಪು ಗಂಟು ಹೆಚ್ಚು ಅನುಮಾನದ್ದು.

ಎಸಿಆರ್ ಐದು ಪ್ರಶ್ನೆ ಕೇಳುತ್ತದೆ. ಒಳಗೇನಿದೆ ಎಂಬುದು ಮೊದಲನೆಯದು: ಬರೀ ನೀರಿದ್ದರೆ ಸೊನ್ನೆ, ನೀರೂ ಗಟ್ಟಿಯೂ ಕೂಡಿದ್ದರೆ 1, ಪೂರ್ತಿ ಗಟ್ಟಿ, ಅಂದರೆ ಸಾಲಿಡ್ ಇದ್ದರೆ 2. ಎರಡನೆಯದು ಬಣ್ಣ. ಸುತ್ತಲಿನ ಥೈರಾಯ್ಡಿನಷ್ಟೇ ಬೆಳ್ಳಗೆ ಅಥವಾ ಅದಕ್ಕಿಂತ ಬೆಳ್ಳಗೆ ಕಂಡರೆ 1, ಅದಕ್ಕಿಂತ ಕಪ್ಪಗೆ ಕಂಡರೆ 2. ಹೈಪೋಎಕೋಯಿಕ್ ಎಂದರೆ ಇಷ್ಟೇ. ಕುತ್ತಿಗೆಯ ಸ್ನಾಯುವಿಗಿಂತಲೂ ಕಪ್ಪಾಗಿದ್ದರೆ 3. ಮೂರನೆಯದು ಆಕಾರ. ಗಂಟು ಅಡ್ಡಡ್ಡ ಮಲಗಿದಂತಿದ್ದರೆ ಸೊನ್ನೆ, ಎದ್ದು ನಿಂತಂತಿದ್ದರೆ, ಅಂದರೆ ಅಗಲಕ್ಕಿಂತ ಮುಂದಿನಿಂದ ಹಿಂದಿನ ದಪ್ಪವೇ ಹೆಚ್ಚಿದ್ದರೆ, ಒಮ್ಮೆಲೇ 3. ನಿಮ್ಮ ರಿಪೋರ್ಟು ಆಕಾರದ ಬಗ್ಗೆ ಬಾಯಿ ಬಿಟ್ಟಿಲ್ಲ. ಆದರೆ ಅಳತೆಗಳನ್ನು ಸಾಮಾನ್ಯವಾಗಿ ಉದ್ದ, ಅಗಲ, ದಪ್ಪ ಎಂಬ ಕ್ರಮದಲ್ಲಿ ಬರೆಯುತ್ತಾರೆ. ಅಗಲ 11, ದಪ್ಪ 9 ಆದರೆ ಗಂಟು ಮಲಗಿದೆ, ಸೊನ್ನೆ. ಹೊಸ ಸ್ಕ್ಯಾನ್ ಮಾಡುವವರಿಗೆ ಇದನ್ನು ಬಿಡಿಸಿ ಬರೆಯಲು ಹೇಳಿ, ಏಕೆಂದರೆ ಈ ಎರಡು ಅಂಕಿ ಅದಲುಬದಲಾದರೆ ಮೂರು ಅಂಕ ಏರಿ ಗಂಟು 5ನೇ ಗುಂಪಿಗೆ ಹೋಗುತ್ತದೆ.

ನಾಲ್ಕನೆಯದು ಅಂಚು. ನಯವಾಗಿದ್ದರೆ ಸೊನ್ನೆ. ಅಂಚು ಸ್ಪಷ್ಟವಾಗಿ ಕಾಣದಿದ್ದರೂ ಸೊನ್ನೆಯೇ. ‘ಇಲ್ ಡಿಫೈನ್ಡ್’ ಎಂದು ಓದಿ ಹೆದರುವವರು ಬಹಳ, ಅದಕ್ಕೆ ಹೇಳಿದೆ. ಅಂಕ ಏರುವುದು ಅಂಚು ಹಲ್ಲುಹಲ್ಲಾಗಿ ಸುತ್ತಲಿನ ಭಾಗಕ್ಕೆ ನುಗ್ಗಿದ್ದರೆ. ಐದನೆಯದು ಒಳಗಿನ ಬಿಳಿ ಚುಕ್ಕೆಗಳು. ಗಸಗಸೆ ಕಾಳು ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳಿದ್ದರೆ 3 ಅಂಕ. ಪ್ಯಾಪಿಲರಿ ಎಂಬ ಜಾತಿಯ ಥೈರಾಯ್ಡ್ ಕ್ಯಾನ್ಸರಿನಲ್ಲಿ ಸುಣ್ಣದ ಕಣಗಳು ಕಾಣುವುದು ಹೀಗೆ. ದೊಡ್ಡ ಸುಣ್ಣದ ತುಂಡಿಗೆ 1 ಅಂಕ, ಗಂಟಿನ ಅಂಚಿನ ಸುತ್ತ ಉಂಗುರದಂತಿದ್ದರೆ 2. ಹಿಂದೆ ಬಾಲ ಬಿಟ್ಟುಕೊಂಡ ದೊಡ್ಡ ಬಿಳಿ ಚುಕ್ಕೆ ಮಾತ್ರ ಕೊಲಾಯ್ಡ್ ಎಂಬ ನಿರಪಾಯದ ಅಂಟುದ್ರವದ್ದು, ಅದಕ್ಕೆ ಸೊನ್ನೆ. ಸುಣ್ಣದ ಚುಕ್ಕೆಗೂ ಈ ಬಾಲದ ಚುಕ್ಕೆಗೂ ವ್ಯತ್ಯಾಸ ಹಿಡಿಯುವುದರಲ್ಲೇ ಅನೇಕ ರಿಪೋರ್ಟುಗಳು ಎಡವುತ್ತವೆ.

ಈಗ ನಿಮ್ಮದನ್ನು ಕೂಡಿಸಿ: ಸಾಲಿಡ್ 2, ಹೈಪೋಎಕೋಯಿಕ್ 2, ಮಿಕ್ಕ ಮೂರೂ ಸೊನ್ನೆ. ಒಟ್ಟು 4. ನಾಲ್ಕರಿಂದ ಆರು ಅಂಕದವರೆಗೆ 4ನೇ ಗುಂಪು, ಏಳು ಮತ್ತು ಅದರ ಮೇಲೆ 5ನೆಯದು. ಅಂದರೆ ತಾಯಿಯವರ ಗಂಟು ತನ್ನ ಗುಂಪಿನ ಕೆಳಗಿನ ಮೆಟ್ಟಿಲಲ್ಲೇ ಇದೆ. ಆರು ಅಂಕದ ಗಂಟಿಗೂ ಇದಕ್ಕೂ ಹೆಸರು ಒಂದೇ, ಅನುಮಾನ ಒಂದೇ ಅಲ್ಲ. ಎಡಗಡೆಯದನ್ನು ಮರೆತುಬಿಡಿ. ಸ್ಪಾಂಜಿಫಾರ್ಮ್ ಎಂದರೆ ಸೆಟ್ ದೋಸೆಯ ಮೈಯಂತೆ ತೂತುತೂತಾಗಿ ಕಾಣುವ ಗಂಟು. ಅದು ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ಅದಕ್ಕೆ ಸೂಜಿಯೂ ಬೇಡ, ಅದಕ್ಕೆಂದೇ ಮರು ಸ್ಕ್ಯಾನೂ ಬೇಡ.

ನನ್ನ ಸಲಹೆ ಹೀಗಿದೆ. ಸೂಜಿಯೋ ಕಾಯುವುದೋ ಎಂದು ತೀರ್ಮಾನಿಸುವ ಮೊದಲು ಥೈರಾಯ್ಡಿಗೆಂದೇ ಒಂದು ಸ್ಕ್ಯಾನ್ ಆಗಬೇಕು. ಈಗ ಆಗಿರುವುದು ರಕ್ತನಾಳದ ಡಾಪ್ಲರ್. ಅಲ್ಲಿ ನೋಡುವವರ ಗಮನ ಮಿದುಳಿಗೆ ಹೋಗುವ ರಕ್ತನಾಳದ ಮೇಲಿತ್ತು, ಗಂಟು ದಾರಿಯಲ್ಲಿ ಸಿಕ್ಕಿತು. ಕುತ್ತಿಗೆಯ ಎರಡೂ ಬದಿಯ ಲಿಂಫ್ ಗ್ರಂಥಿಗಳನ್ನು ನೋಡಿದ ಮಾತು ರಿಪೋರ್ಟಿನಲ್ಲಿಲ್ಲ. ನನಗೆ ಅದು 14 ಮಿ.ಮೀ.ಗಿಂತ ದೊಡ್ಡ ಕೊರತೆಯಾಗಿ ಕಾಣುತ್ತದೆ. ಏಕೆಂದರೆ ಕ್ಯಾನ್ಸರ್ ಹಬ್ಬಿರುವ ಅನುಮಾನದ ಲಿಂಫ್ ಗ್ರಂಥಿ ಇದ್ದರೆ ಗಾತ್ರದ ಲೆಕ್ಕವೆಲ್ಲ ಬದಿಗೆ ಸರಿಯುತ್ತದೆ, ಗ್ರಂಥಿಗೇ ಸೂಜಿ ಹಾಕಬೇಕಾಗುತ್ತದೆ. ಈ ಸ್ಕ್ಯಾನಿಗೆ ಉಪವಾಸ ಬೇಡ. ತಾಳಿ, ಬೋರಮಾಳ ತೆಗೆದಿಟ್ಟು ಹೋಗಲಿ. ಭುಜದ ಕೆಳಗೆ ದಿಂಬು ಇಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸುತ್ತಾರೆ. ತಲೆ ತಿರುಗುವ ಉಪದ್ರವ ಇರುವುದರಿಂದ ಅದನ್ನು ಮೊದಲೇ ಹೇಳಿ, ಎಬ್ಬಿಸುವಾಗ ನಿಧಾನವಾಗಿ ಎಬ್ಬಿಸಲಿ. ಅಂದ ಹಾಗೆ, ತಲೆ ತಿರುಗುವುದಕ್ಕೆ 14 ಮಿ.ಮೀ.ನ ಗಂಟು ಕಾರಣವಲ್ಲ. ಗಂಟಿನ ಗಡಿಬಿಡಿಯಲ್ಲಿ ಆ ಪರೀಕ್ಷೆ ಅರ್ಧಕ್ಕೆ ನಿಂತಿರಬಾರದು.

ಆಮೇಲೆ ಮನೆಯಲ್ಲೇ ಕುಳಿತು ಕೇಳಬೇಕಾದ ಪ್ರಶ್ನೆಗಳಿವೆ. ತಾಯಿಯವರಿಗೆ ಚಿಕ್ಕಂದಿನಲ್ಲಿ ತಲೆಗೋ ಕುತ್ತಿಗೆಗೋ ವಿಕಿರಣ ಚಿಕಿತ್ಸೆ ಆಗಿತ್ತೇ? ಒಡಹುಟ್ಟಿದವರಲ್ಲಿ, ಅವರ ತಂದೆತಾಯಿಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ? ಇತ್ತೀಚೆಗೆ ಧ್ವನಿ ಒಡೆದು ವಾರಗಟ್ಟಲೆ ಸರಿಹೋಗಿಲ್ಲವೇ? ರೊಟ್ಟಿ ನುಂಗುವಾಗ ಸಿಕ್ಕಿಕೊಳ್ಳುತ್ತದೆಯೇ? ಕುತ್ತಿಗೆಯ ಬದಿಯಲ್ಲಿ ಬೇರೆ ಗಡ್ಡೆ ಕೈಗೆ ಹತ್ತುತ್ತದೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದರೆ, ಅಥವಾ ಹೊಸ ಸ್ಕ್ಯಾನಿನಲ್ಲಿ ಅಂಚು ಒರಟು, ಚುಕ್ಕೆ, ನಿಂತ ಆಕಾರ ಕಂಡರೆ ನಾನು ಕಾಯಲು ಹೇಳುವುದಿಲ್ಲ. ಸೂಜಿ ಹಾಕಿಸಿ. ಎಲ್ಲಕ್ಕೂ ಇಲ್ಲ ಎಂದಾದರೆ, ಗ್ರಂಥಿಗಳೂ ಸರಿಯಾಗಿದ್ದರೆ, ಒಂದು ವರ್ಷ ಬಿಟ್ಟು ಮರು ಸ್ಕ್ಯಾನ್ ಎಂಬುದು ಸುರಕ್ಷಿತವಾದ ದಾರಿ. ಆದರೆ ತಾಯಿಯವರು ಈ ಚಿಂತೆಯಲ್ಲಿ ಊಟ ನಿದ್ದೆ ಬಿಟ್ಟಿದ್ದರೆ ಈಗಲೇ ಸೂಜಿ ಹಾಕಿಸುವುದೂ ತಪ್ಪಲ್ಲ. 2015ರ ಮಾರ್ಗಸೂಚಿ ಅದಕ್ಕೆ ಜಾಗ ಕೊಡುತ್ತದೆ. ಅವರನ್ನೇ ಕೇಳಿ. ಕುತ್ತಿಗೆ ಅವರದು. ನೀವೂ ಮಾವನವರೂ ಪಡಸಾಲೆಯಲ್ಲಿ ಕುಳಿತು ನಿರ್ಧರಿಸುವ ಮಾತಲ್ಲ ಇದು.

ಟಿಎಸ್‌ಎಚ್ 3.1 ಸರಿಯಾಗಿದೆ. ಥೈರಾಯ್ಡಿಗೆ ಕೆಲಸ ಹೇಳುವ ಹಾರ್ಮೋನು ಅದು. ಅದು ಕಡಿಮೆ ಬಂದಿದ್ದರೆ ದಾರಿಯೇ ಬೇರೆ ಇತ್ತು. ಆಗ ಗಂಟು ತಾನೇ ಹಾರ್ಮೋನು ಹೆಚ್ಚು ಸುರಿಸುತ್ತಿರಬಹುದೆಂದು ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವಿನ ಸ್ಕ್ಯಾನ್ ಮಾಡುತ್ತಾರೆ. ಹಾಗೆ ‘ಬಿಸಿ’ ಎಂದು ಕಂಡ ಗಂಟು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ, ಸೂಜಿಯ ಅಗತ್ಯ ಬೀಳುವುದಿಲ್ಲ. ಒಂದು ಎಚ್ಚರಿಕೆ: ಕೂದಲು ಉದುರುತ್ತದೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಕೆಲವು ಲ್ಯಾಬ್ ಯಂತ್ರಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮುಂಚೆ ಅದನ್ನು ನಿಲ್ಲಿಸಿರಬೇಕು.

ಸೂಜಿಯ ಭಯಕ್ಕೆ ಬರೋಣ. ಮಾವನವರ ಮಾತು ನಮ್ಮ ಕಡೆ ಪ್ರತಿ ಊರಿನಲ್ಲೂ ಕೇಳಿಬರುತ್ತದೆ, ಅವರನ್ನು ಜರಿಯಬೇಡಿ. ಆದರೆ ಥೈರಾಯ್ಡಿನ ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಹಬ್ಬುವುದು ಎಷ್ಟು ವಿರಳವೆಂದರೆ ಅದು ನಿರ್ಧಾರದ ಲೆಕ್ಕಕ್ಕೇ ಬರುವುದಿಲ್ಲ. ಎಫ್‌ಎನ್‌ಎಸಿಗೆ ಅಂದರೆ ಈ ಸೂಜಿ ಪರೀಕ್ಷೆಗೆ ಬಳಸುವುದು 25ರಿಂದ 27 ಗೇಜಿನ ಸೂಜಿ. ರಕ್ತ ತೆಗೆಯುವ ಸಾಮಾನ್ಯ ಸೂಜಿಗಿಂತಲೂ ತೆಳ್ಳಗಿನದು. ಎರಡರಿಂದ ನಾಲ್ಕು ಬಾರಿ ಚುಚ್ಚಿ ಜೀವಕೋಶ ತೆಗೆಯುತ್ತಾರೆ. ಒಂದೊಂದು ಚುಚ್ಚಿಗೂ ಕೆಲವೇ ಸೆಕೆಂಡು. ಸೂಜಿ ಒಳಗಿರುವಾಗ ಮಾತಾಡಬಾರದು, ಉಗುಳು ನುಂಗಬಾರದು, ಏಕೆಂದರೆ ನುಂಗಿದಾಗ ಥೈರಾಯ್ಡ್ ಮೇಲಕ್ಕೆ ಸರಿಯುತ್ತದೆ, ಸೂಜಿ ಗುರಿ ತಪ್ಪುತ್ತದೆ. ಮುಗಿದ ಮೇಲೆ ಐದು ಹತ್ತು ನಿಮಿಷ ಅರಳೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಒತ್ತುವುದರಲ್ಲಿ ಮೈಗಳ್ಳತನ ಮಾಡಿದರೆ ಮರುದಿನ ಕುತ್ತಿಗೆ ನೀಲಿಯಾಗುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅದರ ಚೀಟಿ ಡಾಕ್ಟರಿಗೆ ತೋರಿಸಿ, ತಾವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ನಿಲ್ಲಿಸಿದರೆ ಸೂಜಿಗಿಂತ ದೊಡ್ಡ ಅಪಾಯ ಎದುರಾಗುತ್ತದೆ.

ಇಲ್ಲಿ ಒಂದು ಮಾತನ್ನು ಪಟ್ಟು ಹಿಡಿದು ಕೇಳಿ: ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕುತ್ತೀರಾ? 14 ಮಿ.ಮೀ.ನ ಗಂಟು ಬಹಳ ಸಲ ಕೈಗೆ ಹತ್ತುವುದಿಲ್ಲ. ಕೈಯಿಂದ ಮುಟ್ಟಿ ಅಂದಾಜಿನಲ್ಲಿ ಚುಚ್ಚಿದರೆ ಪಕ್ಕದ ಒಳ್ಳೆಯ ಭಾಗದಿಂದ ಜೀವಕೋಶ ಬಂದು ‘ಏನೂ ಇಲ್ಲ’ ಎಂಬ ಸುಳ್ಳು ಸಮಾಧಾನ ಸಿಗಬಹುದು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡ ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್ ಇಂಥ ವೈದ್ಯಕೀಯ ಕಾಲೇಜುಗಳಲ್ಲಿ ಸ್ಕ್ಯಾನಿನ ವಿಭಾಗವೂ ಪ್ಯಾಥಾಲಜಿಯೂ ಒಂದೇ ಆವರಣದಲ್ಲಿರುವುದರಿಂದ ಇದನ್ನು ಹೊಂದಿಸುವುದು ಸುಲಭ. ಎಲ್ಲೇ ಮಾಡಿಸಿದರೂ ಗಾಜಿನ ಸ್ಲೈಡುಗಳನ್ನು ಕೇಳಿ ಪಡೆಯಬಹುದು ಎಂಬುದು ನೆನಪಿರಲಿ. ಮುಂದೆ ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ರಿಪೋರ್ಟಿನ ಕಾಗದ ಸಾಲದು, ಸ್ಲೈಡುಗಳನ್ನೇ ಒಯ್ಯಬೇಕು. ಮತ್ತೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.

ಸೂಜಿಯ ಫಲಿತಾಂಶ ಬೆಥೆಸ್ಡಾ ಎಂಬ ಇನ್ನೊಂದು ಅಳತೆಗೋಲಿನಲ್ಲಿ ಬರುತ್ತದೆ, 1ರಿಂದ 6. ಇದನ್ನು ಟೈರ್ಯಾಡ್ಸ್ ಸಂಖ್ಯೆಯೊಂದಿಗೆ ಕಲಸಬೇಡಿ. 1 ಬಂದರೆ ‘ಒಳ್ಳೆಯದು’ ಎಂದಲ್ಲ, ಓದಲು ಸಾಕಷ್ಟು ಜೀವಕೋಶ ಸಿಗಲಿಲ್ಲ ಎಂದು ಅರ್ಥ. ಕನಿಷ್ಠ ಆರು ಗುಂಪು, ಒಂದೊಂದರಲ್ಲಿ ಹತ್ತು ಜೀವಕೋಶ ಇರಬೇಕೆಂಬುದು ನಿಯಮ. ಆಗ ಮತ್ತೆ ಚುಚ್ಚಬೇಕು. 2 ಬಂದರೆ ನಿರಪಾಯ, ಬಹಳ ಜನರಿಗೆ ಬರುವುದು ಇದೇ. 5 ಮತ್ತು 6 ಬಂದರೆ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು. ಅಷ್ಟು ಸಣ್ಣ ಗಂಟಿಗೆ, ಗ್ರಂಥಿಗಳಿಗೆ ಹಬ್ಬಿಲ್ಲದಿದ್ದರೆ, ಅರ್ಧ ಥೈರಾಯ್ಡ್ ತೆಗೆದರೆ ಸಾಕಾಗುವ ಸಾಧ್ಯತೆ ಇದೆ. ಪೂರ್ತಿ ತೆಗೆಯಬೇಕೇ ಎಂದು ಕೇಳಿಯೇ ಒಪ್ಪಿಗೆ ಕೊಡಿ. ಪೂರ್ತಿ ತೆಗೆದರೆ ಜೀವನಪೂರ್ತಿ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಗುಳಿಗೆ, ಜೊತೆಗೆ ಕ್ಯಾಲ್ಸಿಯಂ ಇಳಿಯುವ ಅಪಾಯ.

ಜನರನ್ನು ಹೆಚ್ಚು ಗೋಳಾಡಿಸುವುದು ನಡುವಿನ 3 ಮತ್ತು 4. 2023ರ ಪರಿಷ್ಕೃತ ಬೆಥೆಸ್ಡಾದಲ್ಲಿ 3ಕ್ಕೆ ಸರಾಸರಿ ನೂರಕ್ಕೆ 22, 4ಕ್ಕೆ ನೂರಕ್ಕೆ 30 ಕ್ಯಾನ್ಸರ್ ಸಾಧ್ಯತೆ ಹೇಳಿದ್ದಾರೆ. 3 ಬಂದರೆ ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಸೂಜಿ ಹಾಕುವುದು ವಾಡಿಕೆ, ಬಹಳ ಸಲ ಎರಡನೇ ಬಾರಿಗೆ ಉತ್ತರ ಸ್ಪಷ್ಟವಾಗುತ್ತದೆ. 4 ಎಂದರೆ ಫಾಲಿಕ್ಯುಲರ್ ಗಂಟು. ‘ಸೂಜಿ ಹಾಕಿದ ಮೇಲೂ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಿಲ್ಲ, ಡಾಕ್ಟರಿಗೇ ಗೊತ್ತಿಲ್ಲ’ ಎಂದು ಜನ ಸಿಟ್ಟಾಗುವುದು ಇಲ್ಲೇ. ನಿರಪಾಯದ ಫಾಲಿಕ್ಯುಲರ್ ಗಂಟಿನಲ್ಲೂ ಕ್ಯಾನ್ಸರಿನಲ್ಲೂ ಜೀವಕೋಶಗಳು ನೋಡಲು ಒಂದೇ ತರಹ ಇರುತ್ತವೆ. ಅವು ಗಂಟಿನ ಹೊದಿಕೆಯನ್ನು ಒಡೆದು ಹೊರಗೆ ಬಂದಿವೆಯೇ, ರಕ್ತನಾಳದೊಳಗೆ ನುಗ್ಗಿವೆಯೇ ಎಂಬುದರ ಮೇಲೆ ಭೇದ ನಿಂತಿದೆ. ಬೇಲಿ ಮುರಿದಿದೆಯೋ ಇಲ್ಲವೋ ಎಂದು ಹೊಲದ ನಡುವಿನ ಒಂದು ಹಿಡಿ ಮಣ್ಣು ನೋಡಿ ಹೇಳಲಾಗುವುದಿಲ್ಲ. ಅದಕ್ಕೇ ಆ ಬದಿಯ ಅರ್ಧ ಥೈರಾಯ್ಡ್ ತೆಗೆದು, ಗಂಟನ್ನು ಸುತ್ತ ಕತ್ತರಿಸಿ ನೋಡುತ್ತಾರೆ.

ಕಾಯುವ ದಾರಿ ಹಿಡಿದರೆ ಕಾಯುವುದಕ್ಕೂ ಒಂದು ಕ್ರಮ ಬೇಕು. 4ನೇ ಗುಂಪಿಗೆ ಎಸಿಆರ್ ಹೇಳುವುದು ಮೊದಲ, ಎರಡನೇ, ಮೂರನೇ ಮತ್ತು ಐದನೇ ವರ್ಷ. ಶ್ರಾವಣದಲ್ಲಿ ಸಿಕ್ಕ ಗಂಟು, ಮುಂದಿನ ಶ್ರಾವಣಕ್ಕೆ ಸ್ಕ್ಯಾನ್ ಎಂದು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ‘ವರ್ಷ ಬಿಟ್ಟು ಬರ್ರಿ’ ಎಂಬುದು ನಮ್ಮಲ್ಲಿ ‘ಬರದಿದ್ದರೂ ನಡೆಯುತ್ತದೆ’ ಎಂದಾಗಿಬಿಡುತ್ತದೆ, ಆಗ ಕಾಯುವುದು ಸುರಕ್ಷಿತವಾಗಿ ಉಳಿಯುವುದಿಲ್ಲ. ಐದು ವರ್ಷ ಗಂಟು ಹಾಗೇ ಇದ್ದರೆ ಸ್ಕ್ಯಾನ್ ನಿಲ್ಲಿಸಬಹುದು. ಮೂರು ತಿಂಗಳಿಗೊಮ್ಮೆ ಮಾಡಿಸುವುದರಿಂದ ಲಾಭವಿಲ್ಲ. ಅಷ್ಟರಲ್ಲಿ ಆಗುವ ಬೆಳವಣಿಗೆ ಅಳತೆಯ ಹೆಚ್ಚುಕಡಿಮೆಯಲ್ಲೇ ಮುಳುಗಿಹೋಗುತ್ತದೆ. ಒಂದೇ ಗಂಟನ್ನು ಇಬ್ಬರು ಅಳೆದರೆ ಒಂದೆರಡು ಮಿ.ಮೀ. ವ್ಯತ್ಯಾಸ ಬರುವುದು ಸಹಜ. ಆದ್ದರಿಂದ ಸಾಧ್ಯವಾದರೆ ಅದೇ ಕೇಂದ್ರ, ಹಳೆಯ ಫಿಲ್ಮ್ ಜೊತೆಗಿರಲಿ, ಮೂರೂ ಅಳತೆ ಬರೆಸಿ.

ಬೆಳೆದಿದೆ ಎನ್ನಲು ಲೆಕ್ಕವಿದೆ: ಕನಿಷ್ಠ ಎರಡು ಅಳತೆಗಳಲ್ಲಿ ನೂರಕ್ಕೆ 20ರಷ್ಟು ಏರಬೇಕು, ಆ ಏರಿಕೆ 2 ಮಿ.ಮೀ.ಗೆ ಕಡಿಮೆ ಇರಬಾರದು. ಇಲ್ಲವೇ ಘನ ಅಳತೆ ಅರ್ಧದಷ್ಟು ಹೆಚ್ಚಬೇಕು. ಘನ ಅಳತೆಗೆ ಸೆಂ.ಮೀ.ನಲ್ಲಿ ಮೂರೂ ಅಂಕಿ ಗುಣಿಸಿ 0.52ರಿಂದ ಮತ್ತೆ ಗುಣಿಸಿ. ಈಗಿನದು 1.4 × 1.1 × 0.9 × 0.52, ಅಂದರೆ ಸುಮಾರು 0.72 ಮಿ.ಲೀ. ಮುಂದಿನ ವರ್ಷ 15 × 12 × 9 ಬಂದರೆ 0.84 ಆಗುತ್ತದೆ. ಏರಿಕೆ ನೂರಕ್ಕೆ 17, ಇದನ್ನು ಬೆಳವಣಿಗೆ ಎನ್ನುವುದಿಲ್ಲ. 17 × 14 × 10 ಬಂದರೆ 1.24, ಇದು ನಿಜವಾಗಿ ಬೆಳೆದದ್ದು. ಆದರೆ ಗಮನಿಸಿ, ಮೊದಲಿನ ಉದಾಹರಣೆಯಲ್ಲೂ 15 ಮಿ.ಮೀ. ಗೆರೆ ಮುಟ್ಟಿತು. ಆಗ ಡಾಕ್ಟರು ಸೂಜಿ ಎಂದರೆ ಗಂಟು ಕೆಟ್ಟಿತು ಎಂದು ತಿಳಿಯದೆ ಮಾಡಿಸಿ. ಬೆಳೆದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ. ಇಟಲಿಯಲ್ಲಿ ನಿರಪಾಯದ ಗಂಟುಗಳಿದ್ದ 992 ಜನರನ್ನು ಐದು ವರ್ಷ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 15 ಜನರ ಗಂಟು ಬೆಳೆಯಿತು, 18 ಜನರದು ತಾನಾಗಿ ಕುಗ್ಗಿತು. ಕ್ಯಾನ್ಸರ್ ಎಂದು ತಿಳಿದ ಗಂಟುಗಳು ನೂರಕ್ಕೆ 0.3 ಮಾತ್ರ.

ವರ್ಷದ ನಡುವೆ ಧ್ವನಿ ಕೂತು ಮೂರು ವಾರವಾದರೂ ಏಳದಿದ್ದರೆ, ಗಡ್ಡೆ ವಾರಗಳಲ್ಲೇ ದಪ್ಪವಾದರೆ ದಿನಾಂಕಕ್ಕಾಗಿ ಕಾಯದೆ ಹೋಗಿ.

ಗಂಟು ಕರಗಿಸುವ ಗುಳಿಗೆ ಇಲ್ಲ. ಹಿಂದೆ ಇದಕ್ಕೆಂದೇ ಥೈರಾಕ್ಸಿನ್ ಕೊಡುವ ಪದ್ಧತಿ ಇತ್ತು, ಈಗಲೂ ಕೆಲವರು ಬರೆದುಕೊಡುತ್ತಾರೆ. ಟಿಎಸ್‌ಎಚ್ ಸರಿ ಇರುವವರಿಗೆ ಅದನ್ನು ಕೊಡಬಾರದೆಂದೇ ಮಾರ್ಗಸೂಚಿಗಳು ಹೇಳುತ್ತವೆ. ಗಂಟು ಕುಗ್ಗಬೇಕಾದರೆ ಟಿಎಸ್‌ಎಚ್ ಅನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸಿನಲ್ಲಿ ಹಾಗೆ ಒತ್ತಿದರೆ ಎಲುಬು ಸವೆಯುತ್ತದೆ, ಎದೆಬಡಿತ ತಾಳ ತಪ್ಪುತ್ತದೆ. ಕುತ್ತಿಗೆಗೆ ಎಣ್ಣೆ ಹಚ್ಚಿ ತಿಕ್ಕುವುದು, ಸೊಪ್ಪು ಅರೆದು ಕಟ್ಟುವುದು ಬೇಡ. ಅದರಿಂದ ಗಂಟು ಕರಗುವುದಿಲ್ಲ, ಚರ್ಮ ಸುಟ್ಟರೆ ಮುಂದಿನ ಸ್ಕ್ಯಾನಿಗೂ ಸೂಜಿಗೂ ತೊಂದರೆ. ಊಟದಲ್ಲಿ ಎಲೆಕೋಸು, ಹೂಕೋಸು, ಸಜ್ಜಿ ರೊಟ್ಟಿ ಬಿಡಬೇಕಿಲ್ಲ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಇವನ್ನು ಬೇಯಿಸಿ ವಾಡಿಕೆಯಷ್ಟು ತಿಂದರೆ ಏನೂ ಆಗುವುದಿಲ್ಲ. ಉಪ್ಪಿನ ಡಬ್ಬಿಗೆ ಮುಚ್ಚಳವಿರಲಿ, ಒಲೆಯ ಪಕ್ಕ ಇಡಬೇಡಿ, ಅಷ್ಟೇ. ಅಯೋಡಿನ್ ಹನಿ, ಕಡಲಪಾಚಿಯ ಗುಳಿಗೆ ತರಿಸಬೇಡಿ. ಗಂಟಿರುವ ಥೈರಾಯ್ಡಿಗೆ ಹೆಚ್ಚುವರಿ ಅಯೋಡಿನ್ ಬಿದ್ದರೆ ಕೆಲವರಲ್ಲಿ ಹಾರ್ಮೋನು ಒಮ್ಮೆಲೇ ಏರುತ್ತದೆ.

ನಿಮಗೂ ತಂಗಿಗೂ ಸ್ಕ್ಯಾನ್ ಬೇಡ. ಥೈರಾಯ್ಡ್ ಗಂಟು ಹುಡುಕುತ್ತ ಹೋದರೆ ಸಿಗುತ್ತಲೇ ಹೋಗುತ್ತದೆ. ನಡುವಯಸ್ಸು ದಾಟಿದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡಿದರೆ ಅರ್ಧದಷ್ಟು ಜನರಲ್ಲಿ ಏನಾದರೊಂದು ಕಾಣಬಹುದು. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರಿಗೂ ಕುತ್ತಿಗೆ ಸ್ಕ್ಯಾನ್ ಮಾಡುತ್ತ ಹೋದಾಗ 1993ರಿಂದ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು, ಆದರೆ ಅದರಿಂದ ಸಾಯುವವರ ಸಂಖ್ಯೆ ಇಳಿಯಲಿಲ್ಲ. ಸಾವಿರಾರು ಜನ ಬೇಕಿಲ್ಲದ ಆಪರೇಶನ್ ಮಾಡಿಸಿಕೊಂಡರು. ತಾಯಿಯವರಿಗೆ ಮುಂದೆ ಮೆಡುಲ್ಲರಿ ಎಂಬ ಜಾತಿಯ ಕ್ಯಾನ್ಸರ್ ಎಂದು ತಿಳಿದರೆ ಮಾತ್ರ ಮಕ್ಕಳ ಪರೀಕ್ಷೆಯ ಪ್ರಶ್ನೆ ಏಳುತ್ತದೆ, ಆಗಲೂ ಮೊದಲು ತಾಯಿಯವರ ರಕ್ತದಲ್ಲಿ ರೆಟ್ ಎಂಬ ಜೀನ್ ನೋಡುತ್ತಾರೆ. ತಂಗಿಗೆ ಮದುವೆಯಾಗಿ ಮಗುವಿನ ಯೋಚನೆ ಇದ್ದರೆ ಒಂದು ಟಿಎಸ್‌ಎಚ್ ಮಾಡಿಸಲಿ. ಅದು ಗಂಟಿಗಾಗಿ ಅಲ್ಲ, ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿ ಬೆಳೆಯುತ್ತದೆ ಎಂಬುದಕ್ಕಾಗಿ.